ಕುರ್ಚಿಗೆ ಮೊದಲು ಕಲ್ಚರ್ ಮಾಡಿಸಿ

ಬೆಂಗಳೂರಿಂದ ಯಡಿಯೂರಿಗೆ ಎರಡು ಗಂಟೆ ದಾರಿ. ಅಷ್ಟು ಹೊತ್ತು ಕೂರೋಕಾಗದೆ ನೆಲಮಂಗಲದಲ್ಲೊಮ್ಮೆ, ಕುಣಿಗಲ್‌ನಲ್ಲೊಮ್ಮೆ ಕಾರು ನಿಲ್ಲಿಸಿದೆ. ಅಮ್ಮನಿಗೆ ‘ಬೆನ್ನುನೋವು’ ಅಂದೆ. ನೋವಿದ್ದದ್ದು ವೃಷಣಕ್ಕೂ ಗುದದ್ವಾರಕ್ಕೂ ನಡುವೆ, ಹೇಗೆ ಹೇಳಲಿ?

ಪ್ರಾಸ್ಟೇಟ್ ಉರಿಯೂತ ಅಂತ ಮೂರು ಕೋರ್ಸ್ ಆಂಟಿಬಯಾಟಿಕ್ ನುಂಗಿಸಿದ ಡಾಕ್ಟ್ರು ಒಮ್ಮೆಯೂ ಮೂತ್ರದ ಕಲ್ಚರ್ ಮಾಡಿಸಲಿಲ್ಲ. ಇಂಥ ದೀರ್ಘಕಾಲದ ನೋವಿನ ಹೆಚ್ಚಿನ ಕೇಸುಗಳಲ್ಲಿ ಬ್ಯಾಕ್ಟೀರಿಯಾ ಸಿಗೋದೇ ಇಲ್ಲ ಸ್ವಾಮಿ!

ಈಗ ಇನ್ನೊಬ್ಬರು ಆಯಸ್ಕಾಂತದ ಕುರ್ಚಿ ತೋರಿಸ್ತಿದ್ದಾರೆ, ಮುಂಗಡ ಪ್ಯಾಕೇಜಿನ ಜೊತೆ. ಕುರ್ಚಿ ಬೂಟಾಟಿಕೆಯಲ್ಲ. ಸೀಟಿನಡಿಯ ಸುರುಳಿ ಮಿಡಿದಂತೆ ಕಿಬ್ಬೊಟ್ಟೆಯ ತಳದ ಸ್ನಾಯು ಬಿಗಿದು ಸಡಿಲಾಗುತ್ತೆ. ಪ್ಯಾಂಟ್ ಕೂಡ ಬಿಚ್ಚಬೇಕಿಲ್ಲ (ನಮ್ಮಂಥ ಸಂಕೋಚದವರಿಗೆ ಅದೇ ದೊಡ್ಡದು). ಆದರೆ ಈ ನೋವಿಗೆ ಅದನ್ನು ಪರೀಕ್ಷಿಸಿದ ಪ್ರಯೋಗಗಳು ಚಿಕ್ಕವು, ಸಿಕ್ಕ ಆರಾಮ ಎಲ್ಲರಲ್ಲೂ ಉಳಿದಿಲ್ಲ. ‘ಗ್ಯಾರಂಟಿ’ ಅನ್ನೋರನ್ನ ಕೇಳೋದಿಷ್ಟೆ: ನನ್ನ ಕಲ್ಚರ್ ರಿಪೋರ್ಟ್ ಎಲ್ಲಿ?