ಜನ ನಂಬಿದ ದನಿ: ಮಾನ್‌ಫ್ರೆಡ್ ಕ್ರೂಗ್ ಮತ್ತು ಎರಡು ಜರ್ಮನಿಗಳು

ಜರ್ಮನಿಯಲ್ಲಿ ಐವತ್ತು ದಾಟಿದ ಯಾರ ಮುಂದೆ ಮಾನ್‌ಫ್ರೆಡ್ ಕ್ರೂಗ್ ಹೆಸರು ಎತ್ತಿದರೂ ಮುಖ ಅರಳುತ್ತದೆ. ಆದರೆ ಎಲ್ಲರಿಗೂ ನೆನಪಾಗುವುದು ಒಬ್ಬನೇ ಮನುಷ್ಯನಲ್ಲ. ಪೂರ್ವದಲ್ಲಿ ಬೆಳೆದವರಿಗೆ ಆತ ಜಾಝ್ ಹಾಡುಗಾರ, ಬೆಳ್ಳಿತೆರೆಯ ಪುಂಡ ನಾಯಕ. ಪಶ್ಚಿಮದವರಿಗೆ ಟಿವಿಯ ಲಾರಿ ಚಾಲಕ, ಬರ್ಲಿನ್ನಿನ ವಕೀಲ, ಹ್ಯಾಂಬರ್ಗ್‌ನ ಪತ್ತೇದಾರಿ ಅಧಿಕಾರಿ. ಕೆಲವರಿಗೆ ಇದೆಲ್ಲಕ್ಕಿಂತ ಮೊದಲು ಒಂದು ಷೇರಿನ ಜಾಹೀರಾತು ನೆನಪಿಗೆ ಬರುತ್ತದೆ, ಆಗ ಅರಳಿದ ಮುಖ ಸ್ವಲ್ಪ ಬಾಡುತ್ತದೆ. ಇವರ ಬದುಕನ್ನು ಕನ್ನಡದ ಓದುಗರ ಮುಂದಿಡಲು ನನಗಿರುವ ಕಾರಣ ಒಂದೇ. ಜನಪ್ರಿಯತೆ ಎಂದು ನಾವು ಕರೆಯುವುದರ ಒಳಗೆ ಇರುವುದು ನಂಬಿಕೆ. ಒಬ್ಬ ಕಲಾವಿದನ ಮೇಲಿನ ಆ ನಂಬಿಕೆಗೆ ಒಮ್ಮೆ ಒಂದು ಸರ್ಕಾರ, ಇನ್ನೊಮ್ಮೆ ಒಂದು ದೊಡ್ಡ ಕಂಪನಿ ಕೈಚಾಚಿದ ಕಥೆ ಇದು.

ಕ್ರೂಗ್ ಹುಟ್ಟಿದ್ದು 1937ರ ಫೆಬ್ರವರಿ 8ರಂದು, ಪಶ್ಚಿಮದ ಉಕ್ಕಿನ ಊರಾದ ಡುಯಿಸ್‌ಬರ್ಗ್‌ನಲ್ಲಿ. ತಂದೆ ತಾಯಿ ಬೇರೆಯಾದ ಮೇಲೆ, 1949ರಲ್ಲಿ, ತಂದೆಯ ಜೊತೆ ಪೂರ್ವಕ್ಕೆ ಹೋದರು. ಬ್ರಾಂಡೆನ್‌ಬರ್ಗ್‌ನ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸ ಕಲಿತರು. ಕರಗಿದ ಉಕ್ಕಿನ ಹನಿಯೊಂದು ಸಿಡಿದು ಹಣೆಯ ಮೇಲೆ ಮಾಡಿದ ಗಾಯದ ಗುರುತು ಕೊನೆಯವರೆಗೂ ಉಳಿಯಿತು. ಅವರ ಯಾವ ಚಿತ್ರದಲ್ಲಾದರೂ ಅದು ಕಾಣುತ್ತದೆ. ಐವತ್ತರ ದಶಕದ ನಡುವೆ ಬರ್ಲಿನ್ನಿಗೆ ಬಂದು ನಾಟಕ ಶಾಲೆ ಸೇರಿದರು, ಅದನ್ನು ಮುಗಿಸಲಿಲ್ಲ. ಬ್ರೆಕ್ಟ್ ಕಟ್ಟಿದ ಬರ್ಲಿನರ್ ಆನ್ಸಾಂಬ್ಲ್ ತಂಡದಲ್ಲಿ ಕೆಲಕಾಲ ಉಮೇದುವಾರರಾಗಿದ್ದರು. 1962ರ ‘ಔಫ್ ಡೆರ್ ಸೊನ್ನೆನ್‌ಝೈಟೆ’ ಚಿತ್ರದಲ್ಲಿ, ನಟನಾಗಬೇಕೆಂದು ಹಂಬಲಿಸುವ ಉಕ್ಕಿನ ಕೆಲಸಗಾರನ ಪಾತ್ರ ಸಿಕ್ಕಿತು. ಅದು ಹೆಚ್ಚುಕಡಿಮೆ ಅವರದೇ ಕಥೆ. ಅಲ್ಲಿಂದ ಹೆಸರು ಬಂತು.

ಇಲ್ಲಿ ಪೂರ್ವ ಜರ್ಮನಿಯ ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ದೇಶದಲ್ಲಿ ಸಿನಿಮಾ ತಯಾರಿಸುತ್ತಿದ್ದ ಸಂಸ್ಥೆ ಒಂದೇ, ಡೇಫಾ. ಹಾಡಿನ ತಟ್ಟೆ ಹೊರತರುತ್ತಿದ್ದ ಸರ್ಕಾರಿ ಕಂಪನಿ ಒಂದೇ. ಲಘು ಸಂಗೀತ, ಜಾಝ್ ಎಲ್ಲ ಅದರ ಆಮಿಗಾ ಹೆಸರಿನಲ್ಲೇ ಬರಬೇಕು. ರೇಡಿಯೊ, ಟಿವಿ ಸರ್ಕಾರದ್ದು. ವೇದಿಕೆ ಹತ್ತಿ ಹಾಡಿ ಹಣ ಪಡೆಯಬೇಕಾದರೆ ಪರವಾನಗಿ ಬೇಕು. ಅಂದರೆ ಕಲಾವಿದನಿಗೆ ದೇಶದಲ್ಲಿ ಇರುವ ಧಣಿ ಒಬ್ಬನೇ. ಆ ಧಣಿ ಉದಾರಿಯೂ ಆಗಿರಬಲ್ಲ. ಕ್ರೂಗ್ ಅವರಿಗೆ 1968ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಸಿಕ್ಕಿತು, ಒಳ್ಳೆಯ ಮನೆ ಇತ್ತು, ಹಳೆಯ ಕಾರುಗಳನ್ನು ಕೂಡಿಡುವ ಹವ್ಯಾಸಕ್ಕೂ ಅಡ್ಡಿಯಿರಲಿಲ್ಲ. ಆದರೆ ಧಣಿ ಮುನಿದರೆ ಹೋಗಲು ಇನ್ನೊಂದು ಬಾಗಿಲು ಇರಲಿಲ್ಲ.

ಆ ಮುನಿಸಿನ ಮೊದಲ ರುಚಿ ಸಿಕ್ಕಿದ್ದು 1966ರಲ್ಲಿ. ಫ್ರಾಂಕ್ ಬೈಯರ್ ನಿರ್ದೇಶಿಸಿದ ‘ಶ್ಪೂರ್ ಡೆರ್ ಶ್ಟೈನೆ’ಯಲ್ಲಿ ಕ್ರೂಗ್ ಅವರದು ಹಾನೆಸ್ ಬಲ್ಲಾ ಎಂಬ ಬಡಗಿಗಳ ಮೇಸ್ತ್ರಿಯ ಪಾತ್ರ. ಸಾಮಗ್ರಿ ಬರುವುದು ತಡವಾದರೆ ಪಕ್ಕದ ಕಾಮಗಾರಿಗೆ ಹೋಗುವುದನ್ನು ತನ್ನ ಕಡೆಗೆ ತಿರುಗಿಸಿಕೊಂಡಾದರೂ ಕೆಲಸ ಮುಗಿಸುವವನು ಬಲ್ಲಾ. ಪೊಲೀಸನನ್ನು ಕೊಳಕ್ಕೆ ಎಳೆದು ನೀರು ಕುಡಿಸುವ ಅವನ ತಂಡ ಯಾರಿಗೂ ಹೆದರದು. ಅವನ ಎದುರು ಆಳುವ ಪಕ್ಷದ ಕಾರ್ಯದರ್ಶಿಯೊಬ್ಬ ಬರುತ್ತಾನೆ: ಪ್ರಾಮಾಣಿಕ, ಆದರೆ ತನ್ನ ಪ್ರೇಮ ಸಂಬಂಧವನ್ನು ಒಪ್ಪಿಕೊಳ್ಳುವ ಧೈರ್ಯವಿಲ್ಲದವನು. ಚಿತ್ರ ಸಮಾಜವಾದವನ್ನು ಹಳಿಯುವುದಿಲ್ಲ, ಅದು ನೆಟ್ಟಗೆ ನಡೆಯಲಿ ಎಂದು ಆಶಿಸುತ್ತದೆ. ಕಾಲ ಮಾತ್ರ ಕೆಟ್ಟದಾಗಿತ್ತು. 1965ರ ಡಿಸೆಂಬರ್‌ನಲ್ಲಿ ಪಕ್ಷದ ಕೇಂದ್ರ ಸಮಿತಿ ಸಭೆ ಸೇರಿ ಕಲಾವಿದರ ಮೇಲೆ ಹರಿಹಾಯ್ದಿತ್ತು. ಡೇಫಾ ಆ ವರ್ಷ ತಯಾರಿಸಿದ ಚಿತ್ರಗಳಲ್ಲಿ ಬಹುಪಾಲು ಕಪಾಟು ಸೇರಿದ್ದವು. ಬೈಯರ್ ಚಿತ್ರ ಹೇಗೋ ತೆರೆಗೆ ಬಂತು. ಚಿತ್ರಮಂದಿರಕ್ಕೆ ಕಳಿಸಿಕೊಟ್ಟ ಜನ ಕೂಗಾಡಿ ಗದ್ದಲ ಎಬ್ಬಿಸಿದರು, ಕೆಲವೇ ದಿನಗಳಲ್ಲಿ ಚಿತ್ರವನ್ನು ಎತ್ತಂಗಡಿ ಮಾಡಲಾಯಿತು. ಜನ ಅದನ್ನು ಮತ್ತೆ ನೋಡಿದ್ದು 1989ರ ಕೊನೆಯಲ್ಲಿ, ಬರ್ಲಿನ್ ಗೋಡೆ ಬಿದ್ದ ಹೊತ್ತಿಗೆ.

ಸಿನಿಮಾ ಹೀಗೆ ಕಪಾಟಿನಲ್ಲಿದ್ದಾಗ ಕ್ರೂಗ್ ಅವರನ್ನು ಜನರ ಬಳಿ ಉಳಿಸಿದ್ದು ಹಾಡು. ಜಾಝ್ ತಂಡಗಳ ಜೊತೆ ಅವರು ಮೊದಲಿನಿಂದಲೂ ಹಾಡುತ್ತಿದ್ದರು. ಕವಿತೆ, ಗದ್ಯ, ಜಾಝ್ ಮೂರನ್ನೂ ಬೆರೆಸಿದ ಕಾರ್ಯಕ್ರಮಗಳಲ್ಲಿ ಕಿಕ್ಕಿರಿದ ಸಭಾಂಗಣ ನಗುತ್ತಿತ್ತು. 1970ರಲ್ಲಿ ಬರ್ಲಿನ್ನಿನ ಕೋಮಿಷ ಓಪರ್‌ನಲ್ಲಿ ‘ಪೋರ್ಗಿ ಅಂಡ್ ಬೆಸ್’ ಓಪೆರಾದ ಸ್ಪೋರ್ಟಿಂಗ್ ಲೈಫ್ ಪಾತ್ರ ಮಾಡಿದರು. ನನ್ನ ಮಟ್ಟಿಗೆ ಅವರ ದೊಡ್ಡ ಸಾಧನೆ ಸಂಗೀತಗಾರ ಗ್ಯುಂಟರ್ ಫಿಷರ್ ಜೊತೆ 1971ರಿಂದ 1976ರವರೆಗೆ ಆಮಿಗಾಗೆ ಹಾಡಿದ ನಾಲ್ಕು ಆಲ್ಬಂಗಳು. ಅಮೆರಿಕದ ಸೋಲ್, ಜಾಝ್‌ಗಳ ಲಯಕ್ಕೆ ಜರ್ಮನ್ ಮಾತು ಕೂರುವುದು ಸುಲಭವಲ್ಲ. ಕ್ರೂಗ್ ಹಾಡನ್ನು ಎಳೆದಾಡುವುದಿಲ್ಲ; ಪಕ್ಕದಲ್ಲಿ ಕುಳಿತವರೊಡನೆ ಮಾತಾಡುವ ಹಾಗೆ ಶುರು ಮಾಡುತ್ತಾರೆ, ದನಿ ಏರುವುದು ಭಾವ ಏರಿದಾಗ ಮಾತ್ರ. ಹಲವು ಸಾಹಿತ್ಯಗಳನ್ನು ಅವರೇ ಕ್ಲೆಮೆನ್ಸ್ ಕೆರ್ಬರ್ ಎಂಬ ಕಾವ್ಯನಾಮದಲ್ಲಿ ಬರೆದರು. ವಸಂತ, ಪ್ರೀತಿ, ಬೆಳಗಿನ ಸೋಮಾರಿತನ ಇವೇ ವಸ್ತು. ಘೋಷಣೆಗಳು ತುಂಬಿದ್ದ ನಾಡಿನಲ್ಲಿ ಘೋಷಣೆಯೇ ಇಲ್ಲದ ಹಾಡು ಕೇಳಿ ಜನ ‘ಇವನು ನಮ್ಮವನು’ ಎಂದುಕೊಂಡರು. ಆ ನಂಬಿಕೆ ಸರ್ಕಾರ ಕೊಟ್ಟ ಪ್ರಶಸ್ತಿಯಿಂದ ಬಂದದ್ದಲ್ಲ.

1976ರ ನವೆಂಬರ್ ಅದನ್ನು ಪರೀಕ್ಷೆಗೆ ಒಡ್ಡಿತು. ವುಲ್ಫ್ ಬೀರ್ಮನ್ ಎಂಬ ಕವಿ-ಹಾಡುಗಾರನಿಗೆ ಪೂರ್ವ ಜರ್ಮನಿಯಲ್ಲಿ 1965ರಿಂದ ವೇದಿಕೆ ಇರಲಿಲ್ಲ. ಪಶ್ಚಿಮದ ಕಲೋನ್ ನಗರದಲ್ಲಿ ಹಾಡಲು ಅವನಿಗೆ ಅನುಮತಿ ಕೊಟ್ಟರು, ಆತ 13ರಂದು ಹಾಡಿದ. 16ರಂದು ಪೌರತ್ವ ಕಿತ್ತುಕೊಂಡರು. ಮನೆಗೆ ಮರಳುವ ದಾರಿ ಮುಚ್ಚಿತು. ಮಾರನೆಯ ದಿನ ಕ್ರಿಸ್ಟಾ ವುಲ್ಫ್, ಸ್ಟೆಫಾನ್ ಹೈಮ್, ಹೈನರ್ ಮ್ಯುಲರ್ ಮೊದಲಾದ ಲೇಖಕರು ಈ ಕ್ರಮವನ್ನು ಮತ್ತೊಮ್ಮೆ ಯೋಚಿಸಿ ಎಂದು ಬಹಿರಂಗ ಮನವಿ ಮಾಡಿದರು. ಅದರ ಭಾಷೆ ಎಷ್ಟು ವಿನಯದ್ದೆಂದರೆ, ಬೀರ್ಮನ್ನನ ಪ್ರತಿ ಮಾತನ್ನೂ ನಾವು ಒಪ್ಪುತ್ತೇವೆಂದಲ್ಲ ಎಂದೂ ಅದರಲ್ಲಿತ್ತು. ಕ್ರೂಗ್ ಸಹಿ ಹಾಕಿದರು, ಬೇರೆಯವರ ಸಹಿಯನ್ನೂ ಸಂಗ್ರಹಿಸಿದರು.

ಸರ್ಕಾರವನ್ನು ಕಂಗೆಡಿಸಿದ್ದು ಯಾವುದು? ಲೇಖಕರ ಪ್ರತಿಭಟನೆಯನ್ನು ಬುದ್ಧಿಜೀವಿಗಳ ಗೊಣಗಾಟ ಎಂದು ತಳ್ಳಿಹಾಕಬಹುದು. ಉಕ್ಕಿನ ಕಾರ್ಖಾನೆಯಿಂದ ಬಂದ, ಟ್ರ್ಯಾಕ್ಟರ್ ಓಡಿಸುವವರಿಂದ ವಿದ್ಯಾರ್ಥಿಗಳವರೆಗೆ ಎಲ್ಲರೂ ಬಲ್ಲ ನಟನ ಸಹಿಯನ್ನು ಹಾಗೆ ತಳ್ಳಲಾಗದು. ನವೆಂಬರ್ 20ರಂದು ಪಾಲಿಟ್‌ಬ್ಯೂರೊ ಸದಸ್ಯ ವರ್ನರ್ ಲಾಂಬರ್ಟ್ಸ್ ಪಾಂಕೋ ಬಡಾವಣೆಯ ಕ್ರೂಗ್ ಮನೆಗೇ ಬಂದರು. ಸಹಿ ಹಾಕಿದ ಹಲವು ಲೇಖಕರು, ಕಲಾವಿದರು ಅಲ್ಲಿದ್ದರು. ಗಂಟೆಗಟ್ಟಲೆ ನಡೆದ ಆ ವಾಗ್ವಾದವನ್ನು ಕ್ರೂಗ್ ಗುಟ್ಟಾಗಿ ಟೇಪ್ ಮಾಡಿದರು. ಪ್ರಜೆಗಳ ಮಾತನ್ನು ಕದ್ದು ಕೇಳುತ್ತಿದ್ದ ರಾಜ್ಯದಲ್ಲಿ ಒಬ್ಬ ಪ್ರಜೆ ಅಧಿಕಾರದ ಮಾತನ್ನು ಹಿಡಿದಿಟ್ಟ ಅಪರೂಪದ ದಾಖಲೆ ಅದು. ಇಪ್ಪತ್ತು ವರ್ಷದ ನಂತರ, 1996ರಲ್ಲಿ, ‘ಅಬ್‌ಗೆಹೌವನ್’ ಎಂಬ ಪುಸ್ತಕದಲ್ಲಿ ಅದು ಅಚ್ಚಾಯಿತು. ಪೂರ್ವ ಜರ್ಮನಿ ಒಳಗಿನಿಂದ ಹೇಗಿತ್ತು ಎಂದು ಕೇಳುವವರಿಗೆ ನಾನು ಮೊದಲು ಹೇಳುವ ಪುಸ್ತಕ ಅದೇ.

ಕ್ರೂಗ್ ಸಹಿ ಹಿಂತೆಗೆಯಲಿಲ್ಲ. ಬಂಧನವಾಗಲಿಲ್ಲ, ನಿಷೇಧದ ಆದೇಶವೂ ಬರಲಿಲ್ಲ. ಕೆಲಸ ಮಾತ್ರ ನಿಂತುಹೋಯಿತು. ಹಾಡಿನ ಕಛೇರಿಗಳು ಒಂದೊಂದಾಗಿ ರದ್ದಾದವು, ಹೊಸ ಪಾತ್ರಗಳು ಬರಲಿಲ್ಲ, ಆಗಷ್ಟೇ ಮುಗಿಸಿದ್ದ ‘ಫೊಯರ್ ಉಂಟರ್ ಡೆಕ್’ ಚಿತ್ರ ಚಿತ್ರಮಂದಿರಕ್ಕೆ ಬರಲಿಲ್ಲ. ಧಣಿ ಒಬ್ಬನೇ ಇರುವಲ್ಲಿ ಶಿಕ್ಷೆಗೆ ಕಾಗದ ಬೇಕಿಲ್ಲ. ಕೆಲಸಕ್ಕೆ ಕರೆಯದಿದ್ದರೆ ಸಾಕು. ಪ್ರಶ್ನಿಸೋಣವೆಂದರೆ ಪ್ರಶ್ನಿಸಲು ಆದೇಶವೇ ಇರುವುದಿಲ್ಲ. 1977ರ ಏಪ್ರಿಲ್‌ನಲ್ಲಿ ಕ್ರೂಗ್ ದೇಶ ಬಿಡಲು ಅರ್ಜಿ ಹಾಕಿದರು, ಜೂನ್ 20ರಂದು ಕುಟುಂಬದೊಡನೆ ಪಶ್ಚಿಮ ಬರ್ಲಿನ್ನಿಗೆ ದಾಟಿದರು.

ಪಶ್ಚಿಮದಲ್ಲಿ ನಟನಿಗೆ ದಾರಿ ಬೇಗ ತೆರೆಯಿತು. ‘ಔಫ್ ಆಕ್ಸೆ’ ಧಾರಾವಾಹಿಯಲ್ಲಿ ದೇಶದೇಶ ಸುತ್ತುವ ಲಾರಿ ಚಾಲಕನಾದರು. 1984ರಿಂದ 2001ರವರೆಗೆ ‘ಟಾಟ್‌ಓರ್ಟ್’ ಸರಣಿಯ 41 ಕಂತುಗಳಲ್ಲಿ ಹ್ಯಾಂಬರ್ಗ್‌ನ ಅಧಿಕಾರಿ ಸ್ಟೋವರ್ ಆದರು. 1986ರಲ್ಲಿ ಶುರುವಾದ ‘ಲೀಬ್ಲಿಂಗ್ ಕ್ರೊಯ್ಟ್ಸ್‌ಬೆರ್ಗ್’ನ ವಕೀಲನ ಪಾತ್ರವನ್ನು ಅವರಿಗೆಂದೇ ಬರೆದವರು ಯೌವನದ ಗೆಳೆಯ, ಕಾದಂಬರಿಕಾರ ಯುರೆಕ್ ಬೆಕರ್, ಅವರೂ ಪೂರ್ವ ಬಿಟ್ಟು ಬಂದವರೇ. ಆದರೆ ಹಾಡುಗಾರನನ್ನು ಪಶ್ಚಿಮ ಗುರುತಿಸಲಿಲ್ಲ. 1979ರಲ್ಲಿ ಬಂದ ‘ಡಾ ಬಿಸ್ಟ್ ಡೂ ಯಾ’ ಆಲ್ಬಂಗೆ ಹಳೆಯ ಕೇಳುಗರು ಸಿಗಲಿಲ್ಲ. ಅವರೆಲ್ಲ ಗೋಡೆಯ ಆಚೆ ಇದ್ದರು. ಬಹುಕಾಲ ಕ್ರೂಗ್ ಹಾಡನ್ನು ಬದಿಗಿಟ್ಟರು. ಕೊನೆಗೆ ‘ಟಾಟ್‌ಓರ್ಟ್’ನ ಕೊಲೆ ತನಿಖೆಗಳ ನಡುವೆ ಸಹನಟ ಚಾರ್ಲ್ಸ್ ಬ್ರೌವರ್ ಜೊತೆ ಹಾಡತೊಡಗಿದಾಗ ಇಡೀ ಜರ್ಮನಿ ಕೇಳಿತು. ವಲಸೆಯಲ್ಲಿ ಅವರು ತೆತ್ತ ನಿಜವಾದ ಬೆಲೆ ಈ ಹಾಡಿನ ವರ್ಷಗಳು ಎಂದು ನನಗನ್ನಿಸುತ್ತದೆ.

ನಂಬಿಕೆಗೆ ಎರಡನೆಯ ಬಾರಿ ಕೈಚಾಚಿದ್ದು ಮಾರುಕಟ್ಟೆ. 1996ರಲ್ಲಿ ಸರ್ಕಾರಿ ದೂರವಾಣಿ ಸಂಸ್ಥೆ ಡಾಯ್ಚ ಟೆಲಿಕಾಂ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರಲು ಹೊರಟಿತು. ಜರ್ಮನ್ ಮಧ್ಯಮ ವರ್ಗ ಉಳಿತಾಯ ಖಾತೆಯನ್ನು ನಂಬುತ್ತದೆ, ಷೇರಿಗೆ ಅಂಜುತ್ತದೆ. ಆ ಅಂಜಿಕೆ ಕಳೆಯಲು ಕ್ರೂಗ್ ಅವರನ್ನು ಜಾಹೀರಾತಿನಲ್ಲಿ ನಿಲ್ಲಿಸಿದರು. ಆರಂಭದ ಬೆಲೆ 28.50 ಮಾರ್ಕ್, ಅಂದರೆ ಸುಮಾರು 14.5 ಯೂರೊ. 2000ದ ಮಾರ್ಚ್‌ನಲ್ಲಿ ಅದು 100 ಯೂರೊ ದಾಟಿತು. ಅದೇ ವರ್ಷ 66.50 ಯೂರೊ ದರದಲ್ಲಿ ಇನ್ನೊಂದು ಕಂತನ್ನು ಮಾರಿದರು. 2002ರಲ್ಲಿ ಬೆಲೆ 10 ಯೂರೊಗಿಂತ ಕೆಳಗಿಳಿದಿತ್ತು. ಜಗತ್ತಿನ ತಂತ್ರಜ್ಞಾನ ಷೇರುಗಳೆಲ್ಲ ಕುಸಿದ ಕಾಲ ಅದು, ತಪ್ಪು ಒಬ್ಬ ನಟನದಲ್ಲ. ಆದರೂ ತಡವಾಗಿ ಷೇರು ಕೊಂಡು ಕಳೆದುಕೊಂಡ ನಿವೃತ್ತರು ಕೋಪಿಸಿಕೊಂಡದ್ದು ನಟನ ಮೇಲೆ. ಅವರ ಕೋಪ ಸಹಜವಾದುದೇ. ಅವರು ಕಂಪನಿಯ ಲೆಕ್ಕಪತ್ರ ಓದಿ ದುಡ್ಡು ಹಾಕಿದ್ದವರಲ್ಲ, ಆ ಮುಖವನ್ನು ನೋಡಿ ಹಾಕಿದ್ದವರು. 2007ರಲ್ಲಿ ಕ್ರೂಗ್ ಪತ್ರಿಕಾ ಸಂದರ್ಶನದಲ್ಲಿ ಅವರೆಲ್ಲರ ಕ್ಷಮೆ ಕೇಳಿದರು. ಇಂಥ ಜಾಹೀರಾತುಗಳಲ್ಲಿ ನಿಂತ ಜನಪ್ರಿಯ ಮುಖಗಳು ಹಾಗೆ ಕ್ಷಮೆ ಕೇಳಿದ್ದು ಬಹಳ ಕಡಿಮೆ. ಅದನ್ನು ಅವರ ಲೆಕ್ಕದಲ್ಲಿ ಜಮಾ ಮಾಡಲೇಬೇಕು.

2016ರ ಅಕ್ಟೋಬರ್ 21ರಂದು, 79ನೆಯ ವಯಸ್ಸಿನಲ್ಲಿ, ಕ್ರೂಗ್ ಬರ್ಲಿನ್ನಿನಲ್ಲಿ ತೀರಿಕೊಂಡರು. ಅವರನ್ನು ಹೊಸದಾಗಿ ಕಾಣಬಯಸುವ ಕನ್ನಡಿಗರು ಟಿವಿ ಧಾರಾವಾಹಿಗಳಿಂದ ಶುರು ಮಾಡುವುದು ಬೇಡ. ‘ಶ್ಪೂರ್ ಡೆರ್ ಶ್ಟೈನೆ’ಗೆ ಇಂಗ್ಲಿಷ್ ಅಡಿಬರಹವಿರುವ ಪ್ರತಿ ಸಿಗುತ್ತದೆ, ಮೊದಲು ಅದನ್ನು ನೋಡಿ. ಆಮೇಲೆ ಫಿಷರ್ ಜೊತೆಗಿನ 1971ರ ಆಲ್ಬಂ ಕೇಳಿ. ಜರ್ಮನ್ ಬಾರದಿದ್ದರೂ ಆ ದನಿಯನ್ನು ಜನ ಯಾಕೆ ನಂಬಿದರು ಎನ್ನುವುದು ಮೊದಲ ಹಾಡಿಗೇ ತಿಳಿಯುತ್ತದೆ.