ಆ ಹಸಿಮಣ್ಣಿಗೆ ಕಾಲಿಡಬೇಡಿ

ಕ್ಯಾಲಿಫೋರ್ನಿಯಾದ ಕನ್ನಡ ಬಂಧುಗಳೇ, ಡಿಸೆಂಬರ್ ರಜೆ ಬಂತೆಂದರೆ ನಮ್ಮಲ್ಲಿ ಎಷ್ಟೋ ಮಂದಿ ಡೆತ್ ವ್ಯಾಲಿಗೆ ಹೊರಡುತ್ತೇವೆ. ಹೋಗಿ, ಬೇಡ ಅನ್ನುವುದಿಲ್ಲ. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿನ ಬ್ಯಾಡ್‌ವಾಟರ್‌ನ ಉಪ್ಪಿನ ಬಯಲಲ್ಲಿ ನಿಂತು, 3,368 ಮೀಟರ್ ಎತ್ತರದ ಟೆಲಿಸ್ಕೋಪ್ ಶಿಖರದ ಹಿಮ ನೋಡುವ ಭಾಗ್ಯ ಬೇರೆಲ್ಲಿದೆ? ಆದರೆ ಅಲ್ಲಿನ ರೇಸ್‌ಟ್ರ್ಯಾಕ್ ಪ್ಲಾಯಾದಲ್ಲಿ ಕಂಡದ್ದು ಇನ್ನೂ ಹೊಟ್ಟೆ ಉರಿಸುತ್ತಿದೆ.

ಯೂಬಿಹೀಬಿ ಕುಳಿಯಿಂದಾಚೆ ಸುಮಾರು 43 ಕಿ.ಮೀ. ಸೊಂಟ ಮುರಿಯುವ ಜಲ್ಲಿರಸ್ತೆ. ಅದು ಮುಗಿಯುವಲ್ಲಿ, ಬೆಟ್ಟಗಳ ನಡುವೆ ಒಣಗಿದ ಕೆರೆಯಂಗಳ. ಅದರ ಮೇಲೆ ಕಲ್ಲುಗಳು ತಾವೇ ಸರಿದು ಉದ್ದುದ್ದ ಗೀರು ಎಳೆದಿವೆ. ಮಳೆನೀರು ತೆಳ್ಳಗೆ ನಿಂತು, ರಾತ್ರಿ ಹೆಪ್ಪುಗಟ್ಟಿ, ಬಿಸಿಲಿಗೆ ಒಡೆದಾಗ ಆ ಮಂಜುಗಡ್ಡೆಯ ಹಾಳೆಗಳನ್ನು ಗಾಳಿ ತಳ್ಳುತ್ತದೆ, ಹಾಳೆ ಕಲ್ಲನ್ನು ತಳ್ಳುತ್ತದೆ. ಈ ಗುಟ್ಟನ್ನು ರಿಚರ್ಡ್ ನಾರಿಸ್, ಜಿಮ್ ನಾರಿಸ್ ಮತ್ತು ಸಂಗಡಿಗರು ಬಿಡಿಸಿಟ್ಟದ್ದು 2014ರಲ್ಲಿ. ನೀರು, ಚಳಿ, ಬಿಸಿಲು, ಗಾಳಿ ಎಲ್ಲ ಹೀಗೆ ಕೂಡಿಬರಲು ವರ್ಷಗಳೇ ಬೇಕಾಗಬಹುದು.

ಅಂಥ ಗೀರಿಗೆ ಅಡ್ಡಲಾಗಿ ಶೂ ಗುರುತು. ಹಿಮ್ಮಡಿ ಊರಿದಲ್ಲಿ ಗುಳಿ, ಅಂಚಿಗೆ ಉಕ್ಕಿ ಕಲ್ಲಾದ ಮಣ್ಣು. ಪಕ್ಕದಲ್ಲೇ ಮಗುವಿನ ಪುಟ್ಟ ಹೆಜ್ಜೆಗಳು! ಯಾರೋ ಅಪ್ಪನೋ ಅಮ್ಮನೋ ಹಸಿನೆಲದ ಮೇಲೆ ಕೈಹಿಡಿದು ನಡೆಸಿಕೊಂಡು ಹೋಗಿ, ಕಲ್ಲಿನ ಪಕ್ಕ ನಿಲ್ಲಿಸಿ ಕ್ಲಿಕ್ಕಿಸಿದ್ದಾರೆ.

ಫೋಟೊ. ಈ ಅನಾಚಾರಕ್ಕೆಲ್ಲ ಅದೊಂದೇ ಕಾರಣ. ಹೋದೆವು, ನೋಡಿದೆವು ಎಂದರೆ ಸಾಲದು. ವಾಟ್ಸಾಪ್ ಬಳಗ ನಾವು ಅಲ್ಲಿ ನಿಂತದ್ದನ್ನು ನೋಡಬೇಕು. 2016ರಲ್ಲಿ ಇದೇ ಅಂಗಳದ ಮೇಲೆ ಯಾರೋ ಹತ್ತು ಮೈಲಿಯಷ್ಟು ಕಾರು ಸುತ್ತಿಸಿದ್ದರು. ಕಲ್ಲನ್ನೇ ಕದ್ದೊಯ್ದವರೂ ಇದ್ದಾರೆ. ನಾವೇನು ಕಾರು ಓಡಿಸಿದೆವೇ ಎಂದು ಜಾರಿಕೊಳ್ಳಬೇಡಿ. ಸಸಿಮಡಿ ತುಳಿದರೆ ಕೋಲು ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದ ಅಜ್ಜಂದಿರ ಮೊಮ್ಮಕ್ಕಳಲ್ಲವೇ ನಾವು? ವೀಸಾ ನಿಯಮ ಕಂಠಪಾಠ ಮಾಡುವವರಿಗೆ, ಹಸಿಯಿದ್ದಾಗ ಇಳಿಯಬೇಡಿ ಎಂಬ ಒಂದು ಸೂಚನೆ ಪಾಲಿಸಲು ಏನು ದಾಡಿ?

‘ಏನೂ ಇಲ್ಲದ ಮರುಭೂಮಿ, ಏನಾಗುತ್ತೆ ಬಿಡಿ’ ಎನ್ನುವವರಿಗೂ ಒಂದು ಮಾತು. ಈ ಕಣಿವೆ ಟಿಂಬಿಶಾ ಶೊಶೋನಿ ಜನರ ತಾಯ್ನೆಲ. ತಮ್ಮ ನೆಲದ ಒಂದು ಪಾಲು ಕಾನೂನಿನ ಮೂಲಕ ಮರಳಿ ಸಿಗಲು ಅವರು 2000ದವರೆಗೆ ಕಾಯಬೇಕಾಯಿತು. ಅಂಥವರ ತಾಯ್ನೆಲವನ್ನು ತುಳಿದು ಕೆಡಿಸುವ ಹಕ್ಕು ನಮಗೆ ಕೊಟ್ಟವರಾರು?

ನೆಲ ಹಸಿಯಿದ್ದರೆ ಅಂಚಿನಲ್ಲೇ ನಿಲ್ಲಿ. ಒಣಗಿದ್ದರೆ ನಡೆಯಿರಿ, ಕಲ್ಲು ಮುಟ್ಟಬೇಡಿ. ಕಾರನ್ನಂತೂ ಎಂದೂ ಇಳಿಸಬೇಡಿ. ಜೊತೆಗಿರುವ ಭಾವನೋ ಗೆಳೆಯನೋ ಮೊಬೈಲ್ ಹಿಡಿದು ಇಳಿಯಹೊರಟರೆ, ದಯವಿಟ್ಟು ದಾಕ್ಷಿಣ್ಯ ಬಿಟ್ಟು ತಡೆಯಿರಿ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ.