ಎಳೆದ ಧೂಳು ಹೋಗೋದೆಲ್ಲಿಗೆ?

ಅಪ್‌ರೈಟ್ ವ್ಯಾಕ್ಯೂಮ್ ಕ್ಲೀನರ್ ತಗೋಬೇಕು, ಯಾವುದು ಒಳ್ಳೇದು ಅಂತ ಯಾರನ್ನಾದರೂ ಕೇಳಿ ನೋಡಿ. "ಮೊದಲು ಸಕ್ಷನ್ ಎಷ್ಟಿದೆ ನೋಡು" ಅನ್ನುತ್ತಾರೆ. ಆಫೀಸಿನಲ್ಲಿ ಕೇಳಿದೆ, ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಕೇಳಿದೆ, ಹ್ಯೂಸ್ಟನ್ನಿನಲ್ಲಿರೋ ಭಾವನಿಗೆ ಫೋನ್ ಮಾಡಿ ಕೇಳಿದೆ. ಎಲ್ಲರದೂ ಅದೇ ಮಾತು. ಎಳೆದುಕೊಂಡ ಧೂಳು ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ಒಬ್ಬರೂ ಕೇಳಲಿಲ್ಲ. ಮೂರು ವಾರ ಇದರ ಹಿಂದೆ ಬಿದ್ದ ಮೇಲೆ ನನ್ನ ತೀರ್ಮಾನ ಇಷ್ಟು: ಮನೆಯಲ್ಲಿ ಉಬ್ಬಸದವರಿದ್ದರೆ ಚೀಲ ಇರೋ ಮೆಷೀನನ್ನೇ ತಗೊಳ್ಳಿ. ಹಳೇ ಕಾಲದ್ದು ಅಂತ ಮೂಗು ಮುರಿಯೋರು ಮುರೀಲಿ.

ಇದಕ್ಕೆಲ್ಲ ಕಾರಣ ಅಮ್ಮ. ಮುಂದಿನ ತಿಂಗಳು ಹಾಸನದಿಂದ ಬರ್ತಿದ್ದಾರೆ, ಆರು ತಿಂಗಳಿಗೆ. ಹೋದ ಸಲ ಬಂದಾಗ ಮೊದಲನೇ ದಿನವೇ ಹಾಲ್ ನೋಡಿ "ನೆಲಕ್ಕೇ ಕಂಬಳಿ ಹೊದಿಸಿದ್ದೀರಲ್ಲೋ, ಇದನ್ನ ಒಗೆಯೋದು ಹೇಗೆ?" ಅಂದಿದ್ದರು. ನಾವು ನಕ್ಕೆವು. ಎರಡನೇ ವಾರದಿಂದ ರಾತ್ರಿ ಕೆಮ್ಮು, ಆಮೇಲೆ ಉಬ್ಬಸ, ಇನ್‌ಹೇಲರ್ ದಿಂಬಿನ ಪಕ್ಕಕ್ಕೆ ಬಂತು. ಊರಲ್ಲಿ ಚಳಿಗಾಲದಲ್ಲಿ ಮಾತ್ರ ಬೇಕಾಗುತ್ತಿದ್ದದ್ದು ಇಲ್ಲಿ ಜೂನ್ ತಿಂಗಳಲ್ಲೂ ಬೇಕಾಯಿತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಮನೆಯಲ್ಲಿ ಕಾರ್ಪೆಟ್ ಇದೆಯಾ?" ಅಂತ. ಅಪಾರ್ಟ್‌ಮೆಂಟ್ ಆಫೀಸಿನವರನ್ನು ಕೇಳಿದರೆ ಲೀಸ್ ಇರೋತನಕ ಕಾರ್ಪೆಟ್ ಕೀಳೋ ಹಾಗಿಲ್ಲ ಅಂದರು. ಇಲ್ಲಿಗೆ ಬರೋ ಅಪ್ಪ ಅಮ್ಮಂದಿರಿಗೆ ನಾವು ಮಾಡಿಸೋ ಪ್ರವಾಸಿ ವಿಮೆ ಬೇರೆ, ಮೊದಲಿಂದ ಇರೋ ಕಾಯಿಲೆ ಅಂದ ಕೂಡಲೇ ಸಾಮಾನ್ಯವಾಗಿ ಕೈ ಎತ್ತಿಬಿಡುತ್ತೆ.

ಊರಲ್ಲಿರೋ ಓದುಗರಿಗೆ ಒಂದು ಮಾತು. ನಮ್ಮ ಕಡೆ ವ್ಯಾಕ್ಯೂಮ್ ಕ್ಲೀನರ್ ಅಂದರೆ ಕಣ್ಣ ಮುಂದೆ ಬರೋದು ನೆಲದ ಮೇಲೆ ಕೂತಿರೋ ಡಬ್ಬಿ, ಅದಕ್ಕೊಂದು ಉದ್ದ ಕೊಳವೆ. 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್ ಹುಡುಗರು ಟೈ ಕಟ್ಟಿಕೊಂಡು ಮನೆಮನೆಗೆ ಬಂದು ಸೋಫಾದಿಂದ ಧೂಳು ತೆಗೆದು ತೋರಿಸಿ ಮಾರುತ್ತಿದ್ದದ್ದು ಅದನ್ನೇ. ಕೊಂಡ ಎಷ್ಟೋ ಮನೆಗಳಲ್ಲಿ ಅದು ಈಗಲೂ ಅಟ್ಟದ ಮೇಲಿದೆ :-) ಅದು ಮೆಷೀನಿನ ತಪ್ಪಲ್ಲ. ರೆಡ್ ಆಕ್ಸೈಡ್, ಮೊಸಾಯಿಕ್, ಗ್ರಾನೈಟ್ ನೆಲಕ್ಕೆ ಪೊರಕೆ ಮತ್ತು ಒದ್ದೆ ಬಟ್ಟೆಗಿಂತ ಒಳ್ಳೇದು ಬೇಕಾಗಿಯೇ ಇರಲಿಲ್ಲ. ಅಪ್‌ರೈಟ್ ಬೇರೆ ಜಾತಿ. ಮೋಟಾರು, ಚೀಲ, ಹಿಡಿ ಎಲ್ಲ ಒಂದೇ ಕಂಬದಲ್ಲಿ, ಲಾನ್ ಮೂವರ್ ಥರ ನಿಂತು ತಳ್ಳೋದು. ತಳದಲ್ಲಿ ಗಿರಗಿರ ತಿರುಗೋ ಒಂದು ಬ್ರಷ್ ರೋಲರ್ ಇರುತ್ತೆ, ಅದೇ ಇದರ ಜೀವ. ಕಾರ್ಪೆಟ್ಟಿನ ಎಳೆಗಳನ್ನು ಬಡಿದು ಬಿಡಿಸಿ ಬುಡದಲ್ಲಿ ಕೂತ ಮಣ್ಣನ್ನು ಮೇಲಕ್ಕೆ ತರೋದು ಅದು. ಬರೀ ಗಾಳಿ ಎಳೆದರೆ ಬುಡದ ಧೂಳು ಅಲ್ಲಾಡೋದಿಲ್ಲ. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸೋ ಅಮೆರಿಕ, ಇಂಗ್ಲೆಂಡುಗಳಲ್ಲಿ ಅಪ್‌ರೈಟ್ ಬೇರುಬಿಟ್ಟಿರೋದು ಅದಕ್ಕೇ.

ಇದು ಹುಟ್ಟಿದ ಕಥೆ ಕೇಳಿದರೆ ನನ್ನ ವಾದ ಅರ್ಧ ಮುಗಿದ ಹಾಗೆ. ನಾವಿರೋ ಕೊಲಂಬಸ್‌ನಿಂದ ಕಾರಿನಲ್ಲಿ ಎರಡು ಗಂಟೆ ದೂರದಲ್ಲಿ ಕ್ಯಾಂಟನ್ ಅನ್ನೋ ಊರಿದೆ. ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅಂತ ಒಬ್ಬರು ಕಸ ಗುಡಿಸೋ ಕೆಲಸಕ್ಕಿದ್ದರು. ಆಸ್ತಮಾ ರೋಗಿ. ಕಾರ್ಪೆಟ್ ಗುಡಿಸಿದಾಗ ಏಳೋ ಧೂಳು ತಡೆಯೋಕೆ ಆಗದೆ ಫ್ಯಾನಿನ ಮೋಟಾರು, ಪೊರಕೆ ಹಿಡಿ, ಒಂದು ಡಬ್ಬ ಸೇರಿಸಿ ತಮಗೇ ಅಂತ ಒಂದು ಮೆಷೀನ್ ಕಟ್ಟಿಕೊಂಡರು. ಧೂಳು ತುಂಬೋದಕ್ಕೆ ಹಿಂದುಗಡೆ ಕಟ್ಟಿದ್ದು ದಿಂಬಿನ ಕವರ್! 1908ರ ಜೂನ್‌ನಲ್ಲಿ ಪೇಟೆಂಟ್ ಸಿಕ್ಕಿತು, ಅದೇ ವರ್ಷ ಚರ್ಮದ ಸಾಮಾನಿನ ವ್ಯಾಪಾರ ಮಾಡುತ್ತಿದ್ದ ವಿಲಿಯಂ ಹೂವರ್ ಅದನ್ನು ಕೊಂಡುಕೊಂಡರು. ಮುಂದೆ ಹೂವರ್ ಅನ್ನೋದು ಇಂಗ್ಲೆಂಡಿನಲ್ಲಿ ಕ್ರಿಯಾಪದವೇ ಆಗಿಹೋಯಿತು. (ಪಕ್ಕದ ನಾರ್ತ್ ಕ್ಯಾಂಟನ್ನಿನ ಫ್ಯಾಕ್ಟರಿ 2007ರಲ್ಲಿ ಬಾಗಿಲು ಹಾಕಿತು. ಹೆಸರು ಈಗ ಹಾಂಗ್‌ಕಾಂಗ್ ಕಂಪನಿಯೊಂದರ ಕೈಯಲ್ಲಿದೆ.) ಅಂದರೆ ಕಾರ್ಪೆಟ್ ಫಳಫಳ ಮಾಡಬೇಕು ಅಂತ ಹುಟ್ಟಿದ ಮೆಷೀನಲ್ಲ ಇದು. ಒಬ್ಬ ಉಬ್ಬಸದ ಮನುಷ್ಯ ಉಸಿರಾಡೋದಕ್ಕೆ ಅಂತ ಹುಟ್ಟಿದ್ದು. ಆ ದಿಂಬಿನ ಕವರ್ ಅಲಂಕಾರಕ್ಕಿರಲಿಲ್ಲ.

ಈಗ ಅಂಗಡಿಗೆ ಹೋಗಿ ಡಬ್ಬಗಳ ಮೇಲೆ ಏನು ಬರೆದಿರುತ್ತೆ ನೋಡಿ. "12 ಆಂಪ್ ಮೋಟಾರ್!" ಇದು ಮೋಟಾರು ಎಷ್ಟು ಕರೆಂಟು ಕುಡಿಯುತ್ತೆ ಅನ್ನೋ ಲೆಕ್ಕ, ಎಷ್ಟು ಕೆಲಸ ಮಾಡುತ್ತೆ ಅನ್ನೋದಲ್ಲ. ಇಲ್ಲಿನ ಮನೆಗಳ ಸಾಮಾನ್ಯ ಸರ್ಕ್ಯೂಟ್ 15 ಆಂಪಿನದು, ಅದರ ಮೇಲೆ ಒಂದೇ ಸಮನೆ ಹಾಕಬಹುದಾದ ಭಾರ ಶೇಕಡಾ 80, ಅಂದರೆ 12. ಹಾಗಾಗಿ ದೊಡ್ಡ ಮೆಷೀನುಗಳಲ್ಲಿ ಬಹುಪಾಲು ಅಲ್ಲಿಗೇ ಬಂದು ನಿಲ್ಲುತ್ತವೆ. ಎಲ್ಲರಿಗೂ ನೂರಕ್ಕೆ ನೂರು ಬಂದ ಪರೀಕ್ಷೆ ಇದ್ದ ಹಾಗೆ, ಯಾರು ಜಾಣ ಅಂತ ಗೊತ್ತಾಗೋದಿಲ್ಲ.

ಇನ್ನು ಪ್ಯಾಸ್ಕಲ್ಲು. ಇತ್ತೀಚೆಗೆ ಸ್ಟಿಕ್ಕು, ರೋಬೋಟುಗಳ ಜಾಹೀರಾತಿನಲ್ಲಿ 20,000 ಪ್ಯಾಸ್ಕಲ್ ಅಂತೆಲ್ಲ ಇರುತ್ತೆ. ಕೊಳವೆ ಬಾಯಿಗೆ ಅಂಗೈ ಅಡ್ಡ ಇಟ್ಟು ಪೂರ್ತಿ ಮುಚ್ಚಿಬಿಟ್ಟಾಗ ಬರೋ ಒತ್ತಡದ ವ್ಯತ್ಯಾಸ ಅದು. ಆಗ ಗಾಳಿಯ ಹರಿವು ಸೊನ್ನೆ. ಗಾಳಿಯೇ ಹರಿಯದೆ ಧೂಳು ಬರೋದು ಹೇಗೆ? ಪೂರ್ತಿ ಬಾಯಿ ತೆರೆದರೆ ಗಾಳಿ ಧಾರಾಳ, ಎಳೆತ ಸೊನ್ನೆ. ನಿಜವಾದ ಕೆಲಸ ಆಗೋದು ಇವೆರಡರ ನಡುವೆ. ಒತ್ತಡ ಮತ್ತು ಹರಿವಿನ ಗುಣಲಬ್ಧವನ್ನೇ ಏರ್‌ವಾಟ್ ಅನ್ನೋದು. ಸೆಕೆಂಡಿಗೆ 20 ಲೀಟರ್ ಗಾಳಿ, 10,000 ಪ್ಯಾಸ್ಕಲ್ ಒತ್ತಡ ಅಂದುಕೊಳ್ಳಿ, 200 ವಾಟ್ ಆಯಿತು. ಗೋಡೆಯಿಂದ ಕುಡಿದದ್ದು 12 ಆಂಪ್, 120 ವೋಲ್ಟ್, 1440 ವಾಟ್! ಮಿಕ್ಕಿದ್ದು ಬಿಸಿಯಾಗಿ, ಸದ್ದಾಗಿ ಹೋಯಿತು. ಸ್ವಲ್ಪ ಬ್ರಷ್ಷಿಗೆ. ಏರ್‌ವಾಟನ್ನೂ ಹೊಸ ಮೆಷೀನಿನ ಮೇಲೆ, ಖಾಲಿ ಚೀಲದಲ್ಲಿ ಅಳೆದರೆ ಎರಡು ವಾರ ಬಳಸಿದ ಮೇಲಿನ ಕಥೆ ಅದು ಹೇಳೋದಿಲ್ಲ.

ಖಾಲಿ ಚೀಲದ ವಿಷಯದಲ್ಲಿ ಯುರೋಪಿನಲ್ಲಿ ಒಂದು ಕೋರ್ಟು ಕೇಸೇ ಆಗಿದೆ, ನಮ್ಮಂಥ ಸಾಫ್ಟ್‌ವೇರಿನವರು ಓದಲೇಬೇಕು. ಅಲ್ಲಿ 2014ರ ಸೆಪ್ಟೆಂಬರಿನಿಂದ 1600 ವಾಟ್ ಮೀರಿದ ವ್ಯಾಕ್ಯೂಮ್ ಕ್ಲೀನರ್ ತರೋ ಹಾಗಿಲ್ಲ ಅಂತ ಮಾಡಿದರು, 2017ರಲ್ಲಿ ಅದನ್ನು 900ಕ್ಕೆ ಇಳಿಸಿದರು. ಜೊತೆಗೆ ಫ್ರಿಜ್ಜಿಗೆ ಅಂಟಿಸೋ ಥರ ಒಂದು ಎನರ್ಜಿ ಲೇಬಲ್. ಆ ಲೇಬಲ್ಲಿನ ಪರೀಕ್ಷೆ ನಡೆಸುತ್ತಿದ್ದದ್ದು ಧೂಳೇ ತುಂಬದ ಖಾಲಿ ಮೆಷೀನಿನಲ್ಲಿ. ಖಾಲಿ ಡೇಟಾಬೇಸಿನ ಮೇಲೆ ಲೋಡ್ ಟೆಸ್ಟ್ ಮಾಡಿ "ಸೂಪರ್ ಫಾಸ್ಟ್" ಅಂತ ರಿಪೋರ್ಟ್ ಕೊಟ್ಟ ಹಾಗೆ! ಡೈಸನ್ ಕಂಪನಿ ಕೋರ್ಟಿಗೆ ಹೋಯಿತು, 2018ರ ನವೆಂಬರಿನಲ್ಲಿ ಲೇಬಲ್ಲಿನ ನಿಯಮವೇ ರದ್ದಾಯಿತು. ಈ ವಿಷಯದಲ್ಲಿ ನಾನು ಡೈಸನ್ ಪಕ್ಷ.

ಚೀಲದ ವಿಷಯದಲ್ಲಿ ಮಾತ್ರ ಅಲ್ಲ. ಜೇಮ್ಸ್ ಡೈಸನ್ ಸಿಟ್ಟಾಗಿದ್ದು ಯಾಕೆ ಅಂತ ಅರ್ಥವಾಗುತ್ತೆ. ಕಾಗದದ ಚೀಲದ ರಂಧ್ರಗಳು ಸಣ್ಣ ಧೂಳಿನಿಂದ ಮುಚ್ಚಿಕೊಂಡು, ಚೀಲ ತುಂಬೋ ಮೊದಲೇ ಎಳೆತ ಸತ್ತುಹೋಗುತ್ತಿತ್ತು. 5,127 ಮಾದರಿ ಕಟ್ಟಿ, ಧೂಳನ್ನು ಸುಳಿಗಾಳಿಯಲ್ಲಿ ತಿರುಗಿಸಿ ಬೇರೆ ಮಾಡೋ ಸೈಕ್ಲೋನ್ ತಂದು, 1993ರಲ್ಲಿ ಬ್ರಿಟನ್ನಿನಲ್ಲಿ ಡಿಸಿ01 ಅಪ್‌ರೈಟ್ ಬಿಟ್ಟರು. ಶಹಬ್ಬಾಸ್ ಅನ್ನಲೇಬೇಕಾದ ಎಂಜಿನಿಯರಿಂಗ್. ಆದರೆ ಅವರು ಜಗಳ ಆಡಿದ್ದು ಆ ಕಾಲದ ಕಾಗದದ ಚೀಲದ ಜೊತೆ. ಈಗಿನ ಚೀಲಗಳು ಹಲವು ಪದರದ ಸಿಂಥೆಟಿಕ್ ಬಟ್ಟೆ, ಅಷ್ಟು ಬೇಗ ಕಟ್ಟಿಕೊಳ್ಳೋದಿಲ್ಲ.

ಚೀಲ ಇಲ್ಲದ ಮೆಷೀನಿನ ಧೂಳನ್ನು ಖಾಲಿ ಮಾಡೋದು ನೋಡಿದ್ದೀರಾ? ಕಸದ ಬುಟ್ಟಿಯ ಮೇಲೆ ಹಿಡಿದು ಗುಂಡಿ ಒತ್ತಿದರೆ ತಳದ ಮುಚ್ಚಳ ತೆರೆದುಕೊಂಡು ಎಲ್ಲ ಧೊಪ್ಪನೆ ಬೀಳುತ್ತೆ. ದಪ್ಪ ಕಸ ಬೀಳುತ್ತೆ, ಸಣ್ಣದು ಮೇಲಕ್ಕೆ ಏಳುತ್ತೆ, ಗೌರಿ ಹಬ್ಬದ ಮುಂಚೆ ಅಟ್ಟ ಕೊಡವಿದ ಹಾಗೆ. ಒಳಗೆ ಅಂಟಿಕೊಂಡ ಕೂದಲನ್ನು ಕೈ ಹಾಕಿ ಎಳೆಯಬೇಕು. ಫೋಮ್ ಫಿಲ್ಟರ್ ತೊಳೆದು ಒಂದು ದಿನ ಪೂರ್ತಿ ಒಣಗಿಸಬೇಕು. ಒಂದು ಗಂಟೆ ಕಾರ್ಪೆಟ್ಟಿನಿಂದ ಹುಷಾರಾಗಿ ಆರಿಸಿದ್ದನ್ನು ಹತ್ತು ಸೆಕೆಂಡಿನಲ್ಲಿ ಮುಖಕ್ಕೆ ಎರಚಿಕೊಳ್ಳೋದು ಯಾವ ಜಾಣತನ? ಚೀಲವಾದರೆ ಬಾಯಿ ಮುಚ್ಚಿ ಎತ್ತಿ ಹಾಗೇ ಬಿಸಾಕೋದು. ಖರ್ಚು ಇದೆ, ನಿಜ, ಕಸಕ್ಕೆ ಇನ್ನೊಂದು ಪ್ಲಾಸ್ಟಿಕ್ ಬಟ್ಟೆ ಸೇರುತ್ತೆ ಅನ್ನೋದೂ ನಿಜ. ಉಬ್ಬಸದವರು ಇಲ್ಲದ ಮನೆಯವರು ಈ ಕಾರಣಕ್ಕೆ ಚೀಲ ಬೇಡ ಅಂದರೆ ನಾನು ವಾದ ಮಾಡೋದಿಲ್ಲ.

ಹೆಪಾ ಅನ್ನೋ ಪದಕ್ಕೂ ಮರುಳಾಗಬೇಡಿ. ಅಮೆರಿಕದ ಲೆಕ್ಕದಲ್ಲಿ ನಿಜವಾದ ಹೆಪಾ ಅಂದರೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97 ಹಿಡಿಯಬೇಕು. "ಹೆಪಾ ಟೈಪ್", "ಹೆಪಾ ಲೈಕ್" ಅಂತ ಬರೆದಿದ್ದರೆ ಅದು "ತುಪ್ಪದಂಥ" ಸಿಹಿ. ಫಿಲ್ಟರ್ ನಿಜವಾದ್ದೇ ಆಗಿದ್ದರೂ ಗಾಳಿ ಅದರ ಮೂಲಕವೇ ಹೊರಗೆ ಹೋಗಬೇಕಲ್ಲ? ಮೈಯ ಸಂದುಗಳಲ್ಲಿ ಸೋರಿದರೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಅದಕ್ಕೇ "ಸೀಲ್ಡ್" ಅನ್ನೋ ಪದ ಹುಡುಕಬೇಕು. ಕತ್ತಲೆ ಕೋಣೆಯಲ್ಲಿ ಮೆಷೀನ್ ಓಡಿಸಿ ಅದರ ಸುತ್ತ ಟಾರ್ಚ್ ಬಿಟ್ಟರೆ ಧೂಳು ಎಲ್ಲಿಂದ ಉಗುಳುತ್ತಿದೆ ಅಂತ ಒಂದು ಅಂದಾಜು ಸಿಗುತ್ತೆ. ಪರಿಚಯದವರ ಮನೆಯ ಎರಡು ಮೆಷೀನುಗಳ ಮೇಲೆ ಹೀಗೆ ಮಾಡಿ ಅವರ ಕಣ್ಣಲ್ಲಿ ಹುಚ್ಚನಾಗಿದ್ದೇನೆ.

ಕೊನೆಗೆ ನನ್ನ ಪಟ್ಟಿಯಲ್ಲಿ ಉಳಿದದ್ದು ಮೂರು. ಶಾರ್ಕ್ ನ್ಯಾವಿಗೇಟರ್ ಲಿಫ್ಟ್-ಅವೇ: ಚೀಲ ಇಲ್ಲ, ಆದರೆ ಮೈ ಸೀಲ್ಡ್, ತೂಕ ಆರು ಕಿಲೋ ಆಸುಪಾಸು, ಮೇಲಿನ ಭಾಗ ಬಿಚ್ಚಿ ಕೈಯಲ್ಲಿ ಹಿಡಿದು ಮೆಟ್ಟಿಲೂ ಗುಡಿಸಬಹುದು. ಕೊಡೋ ದುಡ್ಡಿಗೆ ಇದೇ ಬುದ್ಧಿವಂತ. ಡೈಸನ್ ಬಾಲ್ ಅನಿಮಲ್: ಚೆಂಡಿನ ಮೇಲೆ ತಿರುಗುತ್ತೆ, ನೋಡೋಕೆ ಚೆಂದ, ಎಂಟು ಕಿಲೋಗೆ ಹತ್ತಿರ, ಚೀಲ ಇಲ್ಲ. ಸೀಬೋ ಆಟೊಮ್ಯಾಟಿಕ್ ಎಕ್ಸ್: ಜರ್ಮನಿಯದು, ಚೀಲದ್ದು, ತೂಕ ಡೈಸನ್ನಿನಷ್ಟೇ. ಕಾರ್ಪೆಟ್ ಎತ್ತರಕ್ಕೆ ಬ್ರಷ್ ತಾನೇ ಹೊಂದಿಕೊಳ್ಳುತ್ತೆ, ಕೂದಲು ಸುತ್ತಿಕೊಂಡರೆ ಸ್ಕ್ರೂಡ್ರೈವರ್ ಇಲ್ಲದೆ ರೋಲರನ್ನು ಹೊರಗೆಳೆಯಬಹುದು. ನೋಡೋಕೆ ಆಸ್ಪತ್ರೆ ಸಾಮಾನಿನ ಥರ ಇದೆ. ಬೆಲೆ ಶಾರ್ಕಿನ ಹಲವು ಪಟ್ಟು.

"ಇಷ್ಟು ದುಡ್ಡು ಪೊರಕೆಗಾ?" ಅಂದಳು ಹೆಂಡತಿ. ಎಮರ್ಜೆನ್ಸಿ ರೂಮಿನ ಹಳೇ ಬಿಲ್ಲು ಫೈಲಿನಿಂದ ತೆಗೆದು ಟೇಬಲ್ ಮೇಲಿಟ್ಟೆ. ಆಮೇಲೆ ಅವಳು ಕೇಳಿದ್ದು ನಿಜಕ್ಕೂ ಒಳ್ಳೇ ಪ್ರಶ್ನೆ: "ಅದನ್ನ ತಳ್ಳೋರು ಯಾರು?" ನಾನೇ ಅಂದೆ, ವಾರಕ್ಕೆ ಎರಡು ಸಲ, ಅಮ್ಮ ವಾಕಿಂಗ್ ಹೋದಾಗ. ಎಷ್ಟೇ ಒಳ್ಳೇ ಮೆಷೀನಾದರೂ ಓಡಿಸುವಾಗ ಸ್ವಲ್ಪ ಧೂಳು ಏಳುತ್ತೆ, ಉಬ್ಬಸದವರು ಆ ಕೋಣೆಯಲ್ಲಿ ಇರಬಾರದು. "ನಿಮ್ಮಮ್ಮ ಎರಡು ದಿನ ಸುಮ್ಮನಿರ್ತಾರೆ. ಮೂರನೇ ದಿನ ನಾವು ಆಫೀಸಿಂದ ಬರೋಷ್ಟರಲ್ಲಿ ಅವರೇ ಗುಡಿಸಿರ್ತಾರೆ, ಬುಟ್ಟಿನೂ ಅವರೇ ಖಾಲಿ ಮಾಡಿರ್ತಾರೆ, ನೋಡ್ತಿರು." ನಿಜ. ಅಮ್ಮನಿಗೆ ಬೇಡ ಅಂತ ಹೇಳಿ ಗೆದ್ದೋರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಅವರು ಮುಟ್ಟೇ ಮುಟ್ಟುತ್ತಾರೆ ಅಂದುಕೊಂಡೇ ಕೊಳ್ಳಬೇಕು. ನಮ್ಮ ಮನೆಯೊಳಗೆ ಮೆಟ್ಟಿಲಿಲ್ಲ, ಹಾಗಾಗಿ ಎಂಟು ಕಿಲೋ ಅಂದರೂ ಎತ್ತೋ ಹಾಗಿಲ್ಲ, ಉರುಳಿಸೋದಷ್ಟೇ. ಸೀಬೋಗೇ ಆರ್ಡರ್ ಹಾಕಿದೆ.

ಮೆಷೀನ್ ಒಂದರಿಂದಲೇ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳುತ್ತಿಲ್ಲ. ಅಲರ್ಜಿ ತರೋ ಧೂಳುಹುಳ ಹಾಸಿಗೆ, ದಿಂಬಿನಲ್ಲೇ ಹೆಚ್ಚು. ಹೊದಿಕೆಗಳನ್ನು ವಾರಕ್ಕೊಮ್ಮೆ 55 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಬೇಕು, ಮನೆಯ ತೇವಾಂಶ ಶೇಕಡಾ 50ರೊಳಗೆ ಇಡಬೇಕು. ಅವೂ ಪಟ್ಟಿಯಲ್ಲಿವೆ.

ಅಂದ ಹಾಗೆ, ಊರಿಗೆ ವಾಪಸ್ ಹೋಗೋರು ಕಂಟೇನರಿನಲ್ಲಿ ಅಪ್‌ರೈಟ್ ತುಂಬಬೇಡಿ. ಇಲ್ಲಿನದು 120 ವೋಲ್ಟ್, 60 ಹರ್ಟ್ಸ್, ಅಲ್ಲಿ 230, 50. ಇಷ್ಟು ವಾಟಿಗೆ ಬೇಕಾಗೋ ಟ್ರಾನ್ಸ್‌ಫಾರ್ಮರ್ ಮೆಷೀನಿಗಿಂತ ಭಾರ ಇದ್ದರೂ ಆಶ್ಚರ್ಯ ಇಲ್ಲ, ಮೇಲಾಗಿ ಅಲ್ಲಿ ಬಡಿಯೋಕೆ ಕಾರ್ಪೆಟ್ಟೇ ಇರೋದಿಲ್ಲ.

ನಿಮ್ಮಲ್ಲಿ ಯಾರಾದರೂ ಸೀಬೋ ಬಳಸುತ್ತಿದ್ದರೆ ಒಂದು ವಿಷಯ ತಿಳಿಸಿ: ಕಂಪನಿಯ ಚೀಲ ಬಿಟ್ಟು ಬೇರೆಯವರು ಮಾರೋ ಅಗ್ಗದ ಚೀಲ ಹಾಕಿದರೆ ಬಾಯಿಯ ಹತ್ತಿರ ಧೂಳು ಸೋರುತ್ತಾ? ಅಮ್ಮನ ವಿಮಾನ 14ಕ್ಕೆ, ಅಷ್ಟರೊಳಗೆ ಗೊತ್ತಾದರೆ ಉಪಕಾರ.